ಜುಮ್ರೆತಾ ಸಿಸ್ಟರ್ ಬೇಡವೆಂದ ಕಾಫಿ

ಜುಮ್ರೆತಾ ಸಿಸ್ಟರ್ ಮೊದಲ ಸಲ ಬಂದಾಗ ನಾನು ಅವಳನ್ನು ಒಳಗೆ ಕರೆಯಲಿಲ್ಲ. ಹೇಳಿಕೊಳ್ಳಲು ಈಗಲೂ ನಾಚಿಕೆ. ಸರಾಯೆವೋದಲ್ಲಿ ಹುಟ್ಟಿ ಬೆಳೆದು, ಬಾಗಿಲಿಗೆ ಬಂದವಳಿಗೆ ಒಂದು ಬಟ್ಟಲು ಕಾಫಿಯನ್ನೂ ಕೊಡದ ಮಹರಾಯಿತಿ ನಾನು! ಆದರೆ ಆ ಜೂನ್‌ನಲ್ಲಿ ಬೀದಿಗೆ ಬೀದಿಯೇ ಸಿಟ್ಟಿನಲ್ಲಿತ್ತು. ಕಾರು ನಿಲ್ಲಿಸುವ ಜಾಗ ಅಗೆದು ನಗರಸಭೆಯವರು ಮರ ನೆಡುತ್ತಾರಂತೆ, ಅದಕ್ಕೆ ಮುಂಚೆ ನಮ್ಮ ಬಿಪಿ ಅಳೆಯುತ್ತಾರಂತೆ.

"ಮರಕ್ಕೂ ನನ್ನ ಬಿಪಿಗೂ ಏನಮ್ಮ ಸಂಬಂಧ?" ಎನ್ನುತ್ತಲೇ ಹೊಸ್ತಿಲಲ್ಲಿ ನಿಂತು ತೋಳು ಚಾಚಿದೆ.

ಐವತ್ತು ದಾಟಿದ ನರ್ಸಮ್ಮ, ಒಂದು ಮಂಡಿ ಕೆಟ್ಟಿತ್ತು, ಹೆಗಲಿಗೆ ಬಟ್ಟೆ ಚೀಲ. ತೋಳಿಗೆ ಪಟ್ಟಿ ಬಿಗಿದು ನೋಡಿದವಳೇ ಹುಬ್ಬು ಗಂಟಿಕ್ಕಿದಳು.

"ಮೆವ್ಲಿದಕ್ಕ, ನೂರಾ ತೊಂಬತ್ತಿದೆ. ಚಪ್ಪಲಿ ಹಾಕ್ಕೊಳ್ಳಿ."

"ಎಲ್ಲಿಗೆ?"

"ಡಾಕ್ಟ್ರ ಹತ್ರ. ನಾನೂ ಬರ್ತೀನಿ."

ಟ್ರಾಮ್‌ನಲ್ಲಿ ಉದ್ದಕ್ಕೂ ನನ್ನ ಕೈ ಹಿಡಿದು ಕೂತಿದ್ದಳು, ಡಾಕ್ಟರು ಮಾತ್ರೆ ಬರೆದುಕೊಡುವ ತನಕ ಪಕ್ಕದಿಂದ ಕದಲಲಿಲ್ಲ. ಅಳೆದು ಬರೆದುಕೊಳ್ಳುವುದಷ್ಟೇ ಅವಳ ಕೆಲಸವಾಗಿತ್ತು. ನಾನು ಇವತ್ತೂ ಹೊಲಿಗೆ ಮೆಷಿನ್ ತುಳಿಯುತ್ತ, ಊರವರನ್ನೆಲ್ಲ ಬೈದುಕೊಂಡು ಬದುಕಿದ್ದೇನೆ ಎಂದರೆ ಅವಳಿಂದ.

ಆಮೇಲೆ ಮರ ನೆಟ್ಟರು. ಎರಡೂ ಬದಿಗೆ ಆಗಲೇ ಆಳೆತ್ತರ ಬೆಳೆದ, ಕಂಪಿನ ಹೂ ಬಿಡುವ ಲಿಪಾ ಮರಗಳು, ಮಳೆನೀರು ಇಂಗಲು ಹುಲ್ಲಿನ ತಗ್ಗು, ನಾಲ್ಕು ಬೆಂಚು. ಎರಡು ವರ್ಷದ ಪರೀಕ್ಷೆ ಅದು. ಮತ್ತೆ ಅಳೆದಾಗ ನಮ್ಮ ಆರೋಗ್ಯ ಸುಧಾರಿಸಿದ್ದರೆ ಮರಗಳು ಉಳಿಯುತ್ತವೆ. ಇಲ್ಲವಾದರೆ ಕಿತ್ತುಹಾಕಿ ಜಾಗವನ್ನು ಕಾರುಗಳಿಗೇ ಕೊಡುತ್ತಾರೆ. ಕಾರಿನವರ ಪರವಾಗಿ ಗಂಟಲು ಹರಿದುಕೊಳ್ಳುತ್ತಿದ್ದವನು ಕೆಳಮನೆಯ ಹುಸ್ರೆಫ್, ಟ್ರಾಮ್ ಓಡಿಸಿ ನಿವೃತ್ತನಾದವನು.

ನಿದ್ದೆ ಹೇಗಿದೆ, ಉಸಿರು ಹೇಗಿದೆ ಎಂದು ಕೇಳಲು ತಿಂಗಳಿಗೊಮ್ಮೆ ಬರುತ್ತ ಬರುತ್ತ ಜುಮ್ರೆತಾ ನಮ್ಮವಳೇ ಆಗಿಬಿಟ್ಟಳು. ಎರಡು ವರ್ಷ ಕಳೆದು ಮತ್ತೆ ಅಳೆಯಲು ಬಂದಾಗ ಅವಳನ್ನು ಹೊಸ್ತಿಲಲ್ಲಿ ನಿಲ್ಲಿಸುವವರು ಯಾರು? ಪ್ರತಿ ಮನೆಯಲ್ಲೂ ಒಲೆಯ ಮೇಲೆ ತಾಮ್ರದ ಜೆಜ್ವಾ ಏರಿತು, ಕಾಫಿ ಉಕ್ಕಿತು, ಜೊತೆಗೆ ಲೋಕುಮ್ ಮಿಠಾಯಿ, ಹರಟೆ. ಅವಳು ನಲವತ್ತು ಮನೆ ಮುಗಿಸಿ ಲೆಕ್ಕ ಹಾಕಿದರೆ, ಬಿಪಿ ಇಳಿಯುವುದಿರಲಿ, ಸರಾಸರಿ ತುಸು ಏರಿತ್ತು!

"ನೋಡಿದ್ರಾ? ನೆರಳಲ್ಲಿ ಕೂತೂ ಕೂತೂ ಎಲ್ರಿಗೂ ಬಿಪಿ ಬಂತು" ಎಂದು ಹುಸ್ರೆಫ್ ಬೀದಿಯಲ್ಲಿ ನಿಂತು ನಕ್ಕ. ಅವನ ಬಾಯಿಗೆ ಮಣ್ಣು ಹಾಕ ಎಂದುಕೊಂಡೆ.

ಮರುದಿನ ಜುಮ್ರೆತಾ ಮುಖ ಸಣ್ಣದು ಮಾಡಿಕೊಂಡು ನಮ್ಮ ಮನೆಗೆ ಬಂದಳು. ನನ್ನ ಡಬ್ಬಿಯಲ್ಲಿ ಕಾಫಿಪುಡಿ ಮುಗಿದಿತ್ತು, ಬೀಜ ಹುಡುಕುತ್ತಿದ್ದೆ. ಅಷ್ಟರಲ್ಲಿ ಅಭ್ಯಾಸಬಲದಿಂದ ನನ್ನ ತೋಳಿಗೆ ಪಟ್ಟಿ ಸುತ್ತಿದಳು. ನೂರಾ ಇಪ್ಪತ್ತೆಂಟು. ಪುಸ್ತಕ ತೆರೆದಳು. ಹೋದ ವಾರ ಇದೇ ತೋಳಿನಲ್ಲಿ ನೂರಾ ಐವತ್ತೊಂದು ಇತ್ತು.

"ಅಕ್ಕಾ, ಹೋದ ವಾರ ಅಳೆಯೋಕ್ ಮುಂಚೆ ನಾವೇನ್ ಮಾಡಿದ್ವಿ?"

"ಇನ್ನೇನ್ ಮಾಡ್ತೀವಿ? ಎರಡೆರಡು ಬಟ್ಟಲು ಕಾಫಿ ಕುಡಿದ್ವಿ. ಸಿಗರೇಟು ಸೇದಿದ್ವಿ. ಆ ಹುಸ್ರೆಫ್‌ನ ಬೈದ್ವಿ."

ಅವಳು ಹಣೆ ಹಣೆ ಚಚ್ಚಿಕೊಂಡಳು. "ಎಲ್ಲಾ ಮನೇಲೂ ಕುಡಿದಾದ್ಮೇಲೇ ಅಳೆದಿದೀನಲ್ಲಪ್ಪಾ ದೇವರೇ! ಮೊದಲ್ನೇ ಸಲ ನೀವ್ಯಾರೂ ಒಂದ್ ಹನೀನೂ ಕೊಟ್ಟಿರ್ಲಿಲ್ಲ!"

"ಅದಕ್ಕೇನೀಗ? ಎಲ್ರದ್ರಲ್ಲೂ ಇಪ್ಪತ್ತು ಕಳೆದು ಬರಿ. ಯಾರ್ ನೋಡ್ತಾರೆ?"

"ಸುಳ್ಳು ಬರೆದು ಉಳಿಸಿದ ಮರದ ಕೆಳಗೆ ನಾನ್ ಕೂರಲ್ಲ ಅಕ್ಕ" ಎಂದವಳ ದನಿ ಗಟ್ಟಿಯಾಗಿತ್ತು.

ತಪ್ಪು ತನ್ನದೇ ಎಂದು ಮೇಲಿನವರಿಗೆ ಬರೆದುಕೊಟ್ಟು, ಮತ್ತೆ ಅಳೆಯಲು ಒಂದು ವಾರ ಪಡೆದಳು. ಅವಳು ಬರುವ ತನಕ ಯಾರೂ ಕಾಫಿ ಕುಡಿಯಬಾರದು, ಸಿಗರೇಟು ಮುಟ್ಟಬಾರದು. ಅವಳೂ ಯಾರ ಮನೆಯಲ್ಲೂ ಕುಡಿಯುವಂತಿಲ್ಲ. ಜನರಿಗೆ ಎಷ್ಟು ಬೇಜಾರಾಯಿತೆಂದರೆ, "ನಮ್ಮನೆ ಕಾಫಿ ಈಗ ಕಹಿಯಾಯ್ತಾ?" ಎಂದು ಮುಖ ತಿರುಗಿಸಿದರು. ನಾನು ಅವಳಿಗಿಂತ ಮುಂಚೆ ಮನೆಮನೆಗೆ ಹೋಗಿ ಜಗಳವಾಡಿ ಒಪ್ಪಿಸಿದೆ. ಜಗಳಕ್ಕೆ ನಾನು ಒಳ್ಳೆಯ ಜನ.

ಕೊನೆಯದು ಹುಸ್ರೆಫನ ಮನೆ. ಬೇಕೆಂದೇ ಕಾಫಿ ಕುಡಿದು ಕೂತಿರುತ್ತಾನೆ ಎಂದು ಬೈಗುಳ ಸಿದ್ಧಮಾಡಿಕೊಂಡೇ ಜುಮ್ರೆತಾಳ ಜೊತೆ ಒಳಗೆ ಕಾಲಿಟ್ಟೆ. ಅವನು ಅಂಗಿಯ ತೋಳು ಮಡಚಿ, ಮೇಜಿನ ಮೇಲೆ ಕೈ ಚಾಚಿ ಕೂತಿದ್ದ. ಜೆಜ್ವಾ ಒಣಗಿ ಬೋರಲು ಬಿದ್ದಿತ್ತು.

"ಬೇಗ ನೋಡು ತಾಯಿ. ಕಾಫಿ ಇಲ್ದೆ ತಲೆ ಸಿಡೀತಿದೆ."

"ನಿಂಗೆ ಕಾರಿನ ಜಾಗ ಬೇಕಿತ್ತಲ್ಲಯ್ಯಾ?" ಎಂದೆ.

ಅವನು ಕಿಟಕಿಯಾಚೆ ನೋಡಿದ. "ಯುದ್ಧದ ಚಳೀಲಿ ಇಲ್ಲಿದ್ದ ದೊಡ್ಡ ಲಿಪಾಗಳನ್ನ ಕಡಿದಿದ್ದು ನಾನೂ ನಿನ್ನ ಗಂಡಾನೂ. ಮಕ್ಕಳ ಕೈ ಬೆಚ್ಚಗಾಗ್ಲಿ ಅಂತ ಒಲೆಗೆ ಹಾಕಿದ್ವಿ. ಮತ್ತೆ ಅದೇ ಕಣ್ಮುಂದೆ ಬರುತ್ತೆ ಅಂತ್ಲೇ ಇವನ್ನ ನೆಡೋದೇ ಬೇಡ ಅಂತಿದ್ದೆ. ಆದ್ರೆ ನೆಟ್ಟಾಯ್ತಲ್ಲ. ಇನ್ನೊಂದ್ಸಲ ಕಡಿಯೋದನ್ನ ನನ್ ಕೈಲಿ ನೋಡೋಕಾಗಲ್ಲ ಮೆವ್ಲಿದಾ."

ನನ್ನ ಗಂಡನ ನೆನಪಾಗಿ ಕಣ್ಣು ತುಂಬಿತು. ಸಿದ್ಧಮಾಡಿದ್ದ ಬೈಗುಳ ಹಾಗೇ ಉಳಿಯಿತು. ಪಾಪ, ಅವನ ಬಿಪಿ ಮಾತ್ರ ಏರಿಯೇ ಇತ್ತು.

"ಕಮ್ಮಿ ಬರ್ಕೊಳ್ಳೇ" ಎಂದು ಗೋಗರೆದ.

"ಇದ್ದದ್ದೇ ಬರೀತೀನಿ. ನಾಳೆ ಡಾಕ್ಟ್ರ ಹತ್ರ ಹೋಗೋಣ. ಟ್ರಾಮಲ್ಲಿ ನಾನೂ ಬರ್ತೀನಿ."

ಒಟ್ಟು ಲೆಕ್ಕದಲ್ಲಿ ಸರಾಸರಿ ಐದು ಇಳಿದಿತ್ತು. ಐದು ಸಾಕಾಯಿತು. ಮರಗಳು ಉಳಿದವು. ಸುದ್ದಿ ಬಂದ ಸಂಜೆ ಲಿಪಾ ಹೂವಿನ ವಾಸನೆಯಲ್ಲಿ ಬೀದಿಯವರೆಲ್ಲ ಕಾಫಿ ಹೊತ್ತು ಬೆಂಚುಗಳ ಬಳಿ ಬಂದರು. ಮೊದಲ ಬಟ್ಟಲು ತಂದವನು ಹುಸ್ರೆಫ್.

ಗದ್ದಲದಲ್ಲಿ ನಾನು ಜುಮ್ರೆತಾಳನ್ನು ಕೇಳಿದೆ, "ಆ ಐದರಲ್ಲಿ ನಂದೆಷ್ಟು?"

"ನಿಮ್ದು ಸೇರಿಸಿಲ್ಲ ಅಕ್ಕ. ನಿಮಗೆ ಇಳಿದದ್ದು ಮಾತ್ರೆಯಿಂದ. ಅದನ್ನ ಮರದ ಲೆಕ್ಕಕ್ಕೆ ಹಾಕೋ ಹಾಗಿಲ್ಲ."

ಆ ಮಾತ್ರೆ ಬರೆಸಿಕೊಟ್ಟವಳು ಯಾರು ಎಂಬುದು ಅವಳ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಎರಡು ವರ್ಷದಿಂದ ನಾನೂ ಬಾಯಿಬಿಟ್ಟು ಹೇಳಿರಲಿಲ್ಲ. ಅವತ್ತು ಎಲ್ಲರೆದುರು ಅವಳ ಕೈ ಹಿಡಿದು ಹೇಳಿದೆ.

"ನೀನು ಅವತ್ತು ಚಪ್ಪಲಿ ಹಾಕ್ಕೊ ಅನ್ನದಿದ್ರೆ ನಾನು ಈ ನೆರಳು ನೋಡ್ತಿರ್ಲಿಲ್ಲ ಕಣೇ. ಕುಡಿ, ಇವತ್ತು ಯಾರ ತೋಳನ್ನೂ ಅಳೆಯೋದಿಲ್ಲ."

ಅವಳು ಅಳುತ್ತಲೇ ಬಟ್ಟಲು ತೆಗೆದುಕೊಂಡಳು.