ಚಿಕ್ಕಮ್ಮ, ಬೂದಿ ಮತ್ತು ಬೇಲಿಯಾಚೆಯ ಮುಳ್ಳುಹಂದಿ

ನಮ್ಮ ಚಿಕ್ಕಮ್ಮನಿಗೆ ಮದುವೆಯಾದದ್ದು ತಲೆಯಲ್ಲಿ ನರೆ ಇಣುಕಿದ ಮೇಲೆ. ಅಲ್ಲಿಯ ತನಕ ಶಾಲಾಮಕ್ಕಳ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ, ಕಿಟಕಿ ಪಕ್ಕದ ಮೆಷಿನ್ನಿನ ಮುಂದೆ ಕೂತು ಅಂಗಿಗಳಿಗೆ ಕಾಲರು ಕೂರಿಸುವುದೇ ಅವಳ ಪ್ರಪಂಚವಾಗಿತ್ತು. ಒಂದು ದಿನ ಕುದುರೆಗಳಿಗೆ ಲಾಳ ಹೊಡೆಯುವವರೊಬ್ಬರು ಹರಿದ ದಪ್ಪ ಹೊದಿಕೆಯೊಂದನ್ನು ಹೆಗಲ ಮೇಲೆ ಹೊತ್ತು ಬಂದು, "ಇದು ಕುದುರೆ ಹೊದಿಕೆ. ನಿಮ್ಮ ಮೆಷಿನ್ನು ತಡೆಯುತ್ತಾ?" ಎಂದು ಕೇಳಿದರು. ಮೆಷಿನ್ನು ತಡೆಯಲಿಲ್ಲ, ಸೂಜಿ ಮುರಿಯಿತು. ಚಿಕ್ಕಮ್ಮ ಅದನ್ನು ಕೈಯಲ್ಲೇ ಹೊಲಿದುಕೊಟ್ಟಳು. ಆಮೇಲೆ ಅವರ ಮನೆಯಲ್ಲಿ ಹರಿಯದ ಬಟ್ಟೆಯೇ ಇಲ್ಲವೇನೋ ಎನ್ನುವ ಹಾಗೆ ಅವರು ಬರುತ್ತಲೇ ಇದ್ದರು. ಹಾಗೆ ಅವರು ನಮಗೆ ಚಿಕ್ಕಪ್ಪನಾದರು.

ಚಿಕ್ಕಪ್ಪನಿಗೆ ಊರ ಹೊರಗೆ ಒಂದು ಸಣ್ಣ ತೋಟದ ಮನೆ. ಮನೆಗೆ ಅಂಟಿಕೊಂಡ ಹಾಗೆ ಕುದುರೆ ಲಾಯ, ಹಿಂದೆ ತಂತಿ ಬೇಲಿಯ ಹುಲ್ಲುಗಾವಲು. ಅಲ್ಲಿ ಎರಡು ಕುದುರೆಗಳಿದ್ದವು. ಗಾಡಿ ಎಳೆದು ಎಳೆದು ಸವೆದುಹೋದ ಮುದಿ ಗಂಡು ಕುದುರೆಯೊಂದು. ಅದನ್ನು ಎಲ್ಲರೂ ತಾತ ಎನ್ನುತ್ತಿದ್ದರು. ಇನ್ನೊಂದು ಬೂದುಬಣ್ಣದ ಹೆಣ್ಣು, ಹೆಸರು ಬೂದಿ. ಸುತ್ತಲಿನ ಮಕ್ಕಳು ಸವಾರಿ ಕಲಿಯುತ್ತಿದ್ದದ್ದು ಬೂದಿಯ ಮೇಲೆ. ಚಿಕ್ಕಮ್ಮನಿಗೆ ಮಾತ್ರ ಎರಡನ್ನು ಕಂಡರೂ ಭಯ. ಹುಲ್ಲನ್ನು ಬೇಲಿಯ ಹೊರಗಿನಿಂದಲೇ ಎಸೆದು ಓಡಿಬರುತ್ತಿದ್ದಳು. "ಮನೆಯೊಳಗಿನದು ನನ್ನದು, ಹೊರಗಿನದು ನಿಮ್ಮದು" ಎಂದು ಗಂಡನೊಂದಿಗೆ ಮೊದಲೇ ಒಪ್ಪಂದ ಮಾಡಿಕೊಂಡಿದ್ದಳು.

ಆ ಒಪ್ಪಂದ ಬಹಳ ದಿನ ಬಾಳಲಿಲ್ಲ. ಚಿಕ್ಕಪ್ಪ ಹುಲ್ಲಿನ ಅಟ್ಟದಿಂದ ಜಾರಿಬಿದ್ದು ಸೊಂಟ ಮುರಿದುಕೊಂಡರು. ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ ಎಂದರು ಆಸ್ಪತ್ರೆಯವರು. ಅವರ ಮಂಚವನ್ನು ಹುಲ್ಲುಗಾವಲು ಕಾಣುವ ಕಿಟಕಿಯ ಬಳಿಗೆ ಎಳೆದು, ಚಿಕ್ಕಮ್ಮ ಸೆರಗು ಬಿಗಿದು ಲಾಯಕ್ಕೆ ಇಳಿದಳು. ಚಿಕ್ಕಪ್ಪ ಕಿಟಕಿಯಿಂದ ಕೂಗಿ ಹೇಳುವುದು, ಇವಳು ಅಲ್ಲಿಂದಲೇ "ಗೊತ್ತಾಯ್ತು ಬಿಡ್ರೀ!" ಎನ್ನುವುದು. ಗೊತ್ತಾಗಿರುತ್ತಿರಲಿಲ್ಲ, ಅದು ಬೇರೆ ಮಾತು.

ಹೀಗಿರುವಾಗ ಒಂದು ಬೆಳಿಗ್ಗೆ ಹುಲ್ಲು ಹೊತ್ತು ಹೋದವಳು ಬೂದಿಯನ್ನು ನೋಡಿ ಹೊರೆಯನ್ನು ಅಲ್ಲೇ ಕೈಬಿಟ್ಟಳು. ಕುದುರೆಯ ಮೂತಿಯ ತುಂಬ ಕಪ್ಪುಬಿಳಿ ಮುಳ್ಳುಗಳು ನೆಟ್ಟು ನಿಂತಿದ್ದವು. ತುಟಿ ಊದಿತ್ತು, ಮೂಗಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಬೂದಿ ತಲೆ ಕೊಡವಿದಷ್ಟೂ ನೋವು ಹೆಚ್ಚಾಗಿ ಕಾಲು ಬಡಿಯುತ್ತಿತ್ತು.

"ಮುಳ್ಳುಹಂದಿ ಕಣೇ!" ಎಂದು ಕಿಟಕಿಯಿಂದ ಕೂಗಿದರು ಚಿಕ್ಕಪ್ಪ. "ನೀನು ಕೀಳೋಕೆ ಹೋಗ್ಬೇಡ, ಕತ್ತರಿಸಲೂ ಬೇಡ. ಡಾಕ್ಟ್ರಮ್ಮಂಗೆ ಫೋನ್ ಮಾಡು!"

ದನಕುದುರೆಗಳ ಡಾಕ್ಟರಮ್ಮ ಇನ್ನೊಂದು ತೋಟಕ್ಕೆ ಹೊರಟಿದ್ದವರು ಅರ್ಧ ದಾರಿಯಿಂದಲೇ ಗಾಡಿ ತಿರುಗಿಸಿಕೊಂಡು ಬಂದರು. ಬೂದಿಗೆ ಮಂಪರಿನ ಇಂಜೆಕ್ಷನ್ ಕೊಟ್ಟು, "ಅಮ್ಮಾ, ತಲೆ ಹಿಡ್ಕೋಬೇಕು. ಇನ್ಯಾರಾದ್ರೂ ಇದ್ದಾರಾ?" ಎಂದು ಕೇಳಿದರು.

ಚಿಕ್ಕಮ್ಮ ಸುತ್ತ ನೋಡಿದಳು. ಇದ್ದದ್ದು ತಾತ ಒಬ್ಬನೇ.

"ನಾನೇ ಹಿಡಿತೀನಿ. ಆದ್ರೆ ಡಾಕ್ಟ್ರೇ, ನಂಗೆ ಕುದುರೆ ಅಂದ್ರೆ ಭಯ."

"ಅದಕ್ಕೂ ಈಗ ನಿಮ್ಮನ್ನ ಕಂಡ್ರೆ ಭಯಾನೇ. ಸರಿಹೋಯ್ತು, ಹಿಡ್ಕೊಳ್ಳಿ."

ಬೂದಿಯ ಭಾರವಾದ ತಲೆ ಚಿಕ್ಕಮ್ಮನ ಹೆಗಲ ಮೇಲೆ ಬಂದು ಕೂತಿತು. ಡಾಕ್ಟರಮ್ಮ ಇಕ್ಕಳದಿಂದ ಒಂದೊಂದೇ ಮುಳ್ಳನ್ನು ಬುಡದಲ್ಲಿ ಹಿಡಿದು, ನೆಟ್ಟಗೆ ಎಳೆದು, ತಗಡಿನ ಡಬ್ಬಕ್ಕೆ ಹಾಕುತ್ತ ಹೋದರು. "ಮುಳ್ಳುಹಂದಿ ಬಾಣ ಬಿಟ್ಟ ಹಾಗೆ ಮುಳ್ಳು ಎಸೆಯುತ್ತೆ ಅಂತಾರಲ್ಲ, ಅದೆಲ್ಲ ಸುಳ್ಳು. ಇವಳೇ ಮೂಸಿ ನೋಡೋಕೆ ಹೋಗಿರ್ತಾಳೆ" ಎಂದು ಮಾತಾಡುತ್ತಲೇ ಇದ್ದರು. ಆ ಮಾತು ಕುದುರೆಗಲ್ಲ, ತನಗೆ ಧೈರ್ಯ ತುಂಬಲಿಕ್ಕೆ ಎಂದು ಚಿಕ್ಕಮ್ಮನಿಗೆ ಆಮೇಲೆ ಹೊಳೆಯಿತಂತೆ. ಕೊನೆಯಲ್ಲಿ ಇಬ್ಬರೂ ಸೇರಿ ಮೂತಿಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ತುಟಿಯ ಒಳಗೆ ಮುರಿದುಳಿದ ಒಂದು ತುದಿ ಸಿಕ್ಕಿತು. ಅದೂ ಹೊರಗೆ ಬಂತು.

ಹೊರಡುವ ಮುಂಚೆ ಡಾಕ್ಟರಮ್ಮ ಔಷಧಿಯ ಬಾಟಲಿ ಕೈಗಿಟ್ಟು ಹೇಳಿದರು: "ಇವತ್ತು ಮೂತಿಗೆ ಬಂದಿದ್ದು ನಾಳೆ ಕಣ್ಣಿಗೆ ಬರಬಹುದು. ಮುಳ್ಳುಹಂದಿ ನಿಮ್ಮಲ್ಲಿಗೆ ಯಾಕೆ ಬರ್ತಿದೆ ಅನ್ನೋದನ್ನ ಮೊದಲು ನೋಡಿ. ಸುಮ್ಮಸುಮ್ಮನೆ ಯಾರೂ ಯಾರ ಮನೆಗೂ ಬರಲ್ಲ."

ಸುದ್ದಿ ಕೇಳಿ ಚಿಕ್ಕಪ್ಪನ ತಮ್ಮ ಓಡಿಬಂದರು. ಅವರನ್ನು ನಾವೆಲ್ಲ ಬಿರುಗಾಳಿ ಎಂದು ಕರೆಯುತ್ತಿದ್ದೆವು. ಬಾಗಿಲು ತಟ್ಟುವುದಕ್ಕೆ ಮುಂಚೆಯೇ ಒಳಗಿರುವ ಮನುಷ್ಯ. ಕೈಯಲ್ಲಿ ಪ್ರಾಣಿ ಹಿಡಿಯುವ ತಂತಿಯ ಉರುಳು.

"ಅತ್ತಿಗೆ, ಇದನ್ನ ಬೇಲಿ ಹತ್ರ ಹಾಕ್ತೀನಿ. ನಿಮ್ಮ ಕಷ್ಟ ಮುಗೀತು ಅಂತಲೇ ತಿಳ್ಕೊಳ್ಳಿ."

"ಉರುಳಿಗೆ ಕಣ್ಣಿದೆಯೇನೋ? ಮುಳ್ಳುಹಂದಿ ಕಾಲು ಯಾವುದು, ಬೂದಿ ಕಾಲು ಯಾವುದು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

"ಹಾಗಾದ್ರೆ ವಿಷ ಇಡೋಣ."

"ಪಕ್ಕದ ತೋಟದ ನಾಯಿಗಳು ತಿಂದ್ರೆ? ನೀನು ಮೊದಲು ಕೂತು ಟೀ ಕುಡಿ."

ಬಿರುಗಾಳಿ ಟೀ ಕುಡಿದರು. ಉರುಳು ಅವರ ಗಾಡಿಗೇ ವಾಪಸಾಯಿತು.

ಮಾರನೆಯ ದಿನ ಚಿಕ್ಕಮ್ಮ ಬೇಲಿಯುದ್ದಕ್ಕೂ ನೆಲ ನೋಡುತ್ತ ನಡೆದಳು. ಕುದುರೆಗಳು ನೆಕ್ಕಲೆಂದು ಚಿಕ್ಕಪ್ಪ ಮರದ ಬೊಡ್ಡೆಯ ಮೇಲೆ ಉಪ್ಪಿನ ಇಟ್ಟಿಗೆ ಇಟ್ಟಿದ್ದರು. ಅದರ ಅಂಚಿನಲ್ಲಿ ಉಳಿಯಿಂದ ಕೆತ್ತಿದಂಥ ಗೀರುಗಳಿದ್ದವು. ಪಕ್ಕದಲ್ಲಿ ಒರಗಿಸಿಟ್ಟಿದ್ದ ಸಲಿಕೆಯ ಹಿಡಿಯೂ, ಸರಿಯಾಗಿ ಕೈ ಹಿಡಿಯುವ ಜಾಗದಲ್ಲಿ, ಅರ್ಧ ತಿಂದುಹೋಗಿತ್ತು. ಇಟ್ಟಿಗೆ, ಸಲಿಕೆ ಎರಡನ್ನೂ ಹೊತ್ತು ತಂದು ಗಂಡನ ಮಂಚದ ಮೇಲಿಟ್ಟಳು.

ಚಿಕ್ಕಪ್ಪ ಗೀರಿನ ಮೇಲೆ ಬೆರಳಾಡಿಸಿದರು. "ಕುದುರೆ ನೆಕ್ಕುತ್ತೆ, ಹೀಗೆ ಕೆರೆಯಲ್ಲ. ಇದು ಮುಳ್ಳುಹಂದಿಯದ್ದೇ ಹಲ್ಲು. ಸಲಿಕೆಯ ಹಿಡಿ ನಮ್ಮ ಬೆವರಿನ ಉಪ್ಪು ಕುಡಿದಿದೆ ನೋಡು. ಅಯ್ಯೋ, ಬಾಗಿಲಲ್ಲಿ ಎಲೆ ಹಾಕಿ ಊಟಕ್ಕೆ ಕರೆದವನು ನಾನೇ ಆದ್ನಲ್ಲೇ!"

ಆಗ ಅವರು ನಕ್ಕರು. ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಚಿಕ್ಕಮ್ಮನಿಗೆ ಮುಳ್ಳುಹಂದಿಯ ಮೇಲಿದ್ದ ಅರ್ಧ ಸಿಟ್ಟು ಅಲ್ಲೇ ಇಳಿದುಹೋಯಿತು.

ಅಂದಿನಿಂದ ಉಪ್ಪಿನ ಇಟ್ಟಿಗೆ ಲಾಯದೊಳಗೆ, ಕುದುರೆಯ ಮುಖದ ಎತ್ತರಕ್ಕೆ ತೂಗಿತು. ಸಲಿಕೆ, ಸವಾರಿಯ ತಡಿ, ಚರ್ಮದ ಪಟ್ಟಿ ಎಲ್ಲವೂ ಸಂಜೆಯಾದರೆ ಬಾಗಿಲ ಒಳಗೆ. ಹುಲ್ಲುಗಾವಲಿನ ಮೂಲೆಯ ಪೊದೆಯ ಕೆಳಗೆ ಬಿಲವೂ ಸಿಕ್ಕಿತು. ಓಡುವ ಕುದುರೆ ಕಾಲಿಟ್ಟರೆ ಮೂಳೆ ಪುಡಿಯಾಗುವಷ್ಟು ದೊಡ್ಡದು. ತಕ್ಷಣ ಮುಚ್ಚಲು ಹೊರಟವಳನ್ನು ಚಿಕ್ಕಪ್ಪ ತಡೆದರು.

"ಒಳಗಿದ್ರೆ ಉಸಿರು ಕಟ್ಟಿ ಸಾಯುತ್ತೆ, ಇಲ್ಲಾಂದ್ರೆ ಇನ್ನೊಂದು ಕಡೆ ತೋಡುತ್ತೆ. ಬಾಯಿಗೆ ಒಣ ಎಲೆ ಹರಡು. ಎಲೆ ಕದಲಿದ್ರೆ ಇದೆ ಅಂತ, ಕದಲದಿದ್ರೆ ಹೋಗಿದೆ ಅಂತ."

ಅಲ್ಲಿಯ ತನಕ ಆ ಮೂಲೆಗೆ ಹಗ್ಗ ಕಟ್ಟಿ ಕುದುರೆಗಳನ್ನು ದೂರವಿಟ್ಟಳು. ಬೆಳಗಾದರೆ ಎಲೆ ಚೆಲ್ಲಾಪಿಲ್ಲಿ. ಇವಳು ಮತ್ತೆ ಹರಡುವಳು, ಅದು ಮತ್ತೆ ಚೆಲ್ಲುವುದು. "ಎಷ್ಟು ಹಟಮಾರಿ ನೋಡಿ" ಎಂದು ಚಿಕ್ಕಮ್ಮ ಬಂದು ವರದಿ ಒಪ್ಪಿಸಿದರೆ, ಚಿಕ್ಕಪ್ಪ "ನಿನಗೆ ಸರಿಜೋಡಿ" ಎನ್ನುವರು. ಕೊನೆಗೊಮ್ಮೆ ಎಲೆಗಳು ಹರಡಿದ ಹಾಗೇ ಉಳಿಯತೊಡಗಿದವು. ಉಪ್ಪಿಲ್ಲದ ಜಾಗ ಬೇಡವೆಂದು ಅದು ತೋಟದ ಪಕ್ಕದ ಹಳ್ಳ ದಾಟಿ ಹೋಗಿತ್ತು.

ಬಿಲಕ್ಕೆ ಕಲ್ಲು ತುಂಬಿ ಮಣ್ಣು ಜಡಿಯುವುದು ಒಬ್ಬರ ಕೆಲಸವಲ್ಲ. ಅದು ಮತ್ತೆ ತೋಡಿಕೊಂಡು ಒಳಗೆ ಬಾರದ ಹಾಗೆ ಬೇಲಿಯ ಬುಡಕ್ಕೆ ತಂತಿಬಲೆ ಹೂಳುವುದಂತೂ ಇನ್ನೂ ಅಲ್ಲ. ಚಿಕ್ಕಮ್ಮ ಯಾರನ್ನೂ ಕೇಳಿರಲಿಲ್ಲ. ಕಾರ್ಖಾನೆಗೆ ಯಾರು ಸುದ್ದಿ ಮುಟ್ಟಿಸಿದರೋ, ರಜೆಯ ದಿನ ಒಂದು ವ್ಯಾನು ಬಂದು ನಿಂತಿತು. ಅದರಿಂದ ಅವಳ ಹಳೆಯ ಗೆಳತಿಯರೆಲ್ಲ ಇಳಿದರು. ಕಾಜಾ ಹಾಕುವವಳು, ಗುಂಡಿ ಹೊಲಿಯುವವಳು, ಇಸ್ತ್ರಿಯವಳು. ದಾರಿಯಲ್ಲಿ ಆ ವ್ಯಾನು ಹತ್ತಿದ್ದ ನಾನೂ ಅವರ ಹಿಂದೆಯೇ ಇಳಿದೆ. ಬಿರುಗಾಳಿ ಆಗಲೇ ಬಂದು, ಗುದ್ದಲಿ ಹಿಡಿದು ಕಾಲುವೆ ತೋಡಲು ಶುರುಮಾಡಿಯಾಗಿತ್ತು. ಅವರ ಹಿಂದೆ ನಾವು ಬಲೆ ಇಳಿಸುತ್ತ, ಅದರ ಕೆಳಗಿನ ಅಂಚನ್ನು ಹೊರಕ್ಕೆ ಮಡಿಸಿ ಮಣ್ಣು ಮುಚ್ಚುತ್ತ, ಮೇಲಿನ ಅಂಚನ್ನು ಬೇಲಿಗೆ ಸಣ್ಣ ತಂತಿಯಿಂದ ಬಿಗಿಯುತ್ತ ಹೋದೆವು.

"ಅಕ್ಕಾ, ನನ್ನ ಹೊಲಿಗೆ ಸೊಟ್ಟ ಬಂತು. ಬಿಚ್ಚಿ ಮತ್ತೆ ಹಾಕ್ಲಾ?" ಎಂದಳು ಕಾಜಾದವಳು.

"ಮುಳ್ಳುಹಂದಿ ಏನು ಹೆಡ್‌ಮಾಸ್ಟ್ರಾ, ಯೂನಿಫಾರ್ಮ್ ನೋಡೋಕೆ? ಬಿಡೇ!"

ಕಿಟಕಿಯಲ್ಲಿ ಚಿಕ್ಕಪ್ಪ ಎಲ್ಲವನ್ನೂ ನೋಡುತ್ತಿದ್ದರು. ಮಧ್ಯಾಹ್ನ ನಾನು ನೀರು ಕೊಡಲು ಹೋದಾಗ ಅವರ ಕಣ್ಣು ಒದ್ದೆಯಾಗಿತ್ತು. "ನನ್ನ ಬೇಲಿಗೆ ಇಷ್ಟು ಜನ ಕೈ ಹಾಕಿದ್ದು ನಾನು ನೋಡೇ ಇರ್ಲಿಲ್ಲಮ್ಮ" ಎಂದರು.

ಬೂದಿಯ ಗಾಯಕ್ಕೆ ಚಿಕ್ಕಮ್ಮನೇ ದಿನವೂ ಔಷಧಿ ಹಚ್ಚಿದಳು. ಮೊದಮೊದಲು ಇಬ್ಬರೂ ಹಿಂದೆ ಹಿಂದೆ ಸರಿಯುತ್ತಿದ್ದರು. ಬರಬರುತ್ತ ಬಾಟಲಿ ಕಂಡರೆ ಸಾಕು, ಬೂದಿ ತಾನಾಗಿ ಬಂದು ಅವಳ ಹೆಗಲಿಗೆ ಗದ್ದವೂರುತ್ತಿತ್ತು. ಚಿಕ್ಕಪ್ಪ ಕೋಲೂರಿ ಮೊದಲ ಸಲ ಬೇಲಿಯ ತನಕ ಬಂದ ದಿನ, ಅದು ಅವರ ಅಂಗೈ ಮೂಸಿ, ನೇರ ಚಿಕ್ಕಮ್ಮನ ಕಡೆಗೆ ನಡೆಯಿತು. ಚಿಕ್ಕಮ್ಮನಿಗೆ ನಾಚಿಕೆಯಾಯಿತು. "ಹೋಯ್ತು ಬಿಡು, ನನ್ನ ಕುದುರೆ ನಿನ್ನದಾಯ್ತು" ಎಂದು ಚಿಕ್ಕಪ್ಪ ಹೊಟ್ಟೆತುಂಬ ನಕ್ಕರು.

ಮೊನ್ನೆ ಹೋಗಿದ್ದಾಗ ನಾನು ಕೇಳಿದೆ: "ಅಷ್ಟು ಹೆದರಿಕೆ ಇಟ್ಕೊಂಡು ಹೇಗೆ ಇದ್ದೆ ಚಿಕ್ಕಮ್ಮ? ಎಲ್ಲ ಬಿಟ್ಟು ಕಾರ್ಖಾನೆಗೆ ವಾಪಸ್ ಹೋಗ್ಬಿಡೋಣ ಅನ್ನಿಸ್ಲಿಲ್ವಾ?"

"ದಿನಾ ಅನ್ನಿಸ್ತಿತ್ತು ಕಣೇ. ಆದ್ರೆ ಒಂದಿನ ಡಾಕ್ಟ್ರಮ್ಮ ಬರೋರು, ಒಂದಿನ ನನ್ನ ಮೈದುನ ಬರೋನು, ಒಂದಿನ ನೀವೆಲ್ಲ ಬಂದ್ರಿ. ಹೀಗೆ ಒಬ್ಬರಲ್ಲ ಒಬ್ಬರು ಬರ್ತಾನೇ ಇದ್ರೆ ನಾನು ಹೋಗೋದಾದ್ರೂ ಯಾವಾಗ? ಎಲ್ರಿಗೂ ಟೀ ಮಾಡೋದ್ರಲ್ಲೇ ಹೊತ್ತು ಹೋಯ್ತು."

ಹೇಳುತ್ತ ಹೇಳುತ್ತ ಅವಳು ಲಾಯದ ಬಾಗಿಲಿಗೆ ಒರಗಿ ತಾತನ ಕುತ್ತಿಗೆಯನ್ನು ತುರಿಸುತ್ತಿದ್ದಳು. ತಾತ ಕಣ್ಣು ಮುಚ್ಚಿಕೊಂಡು ನಿಂತಿತ್ತು.