ನನ್ನ ಕೈಗುಣ

ಸರ್ಕಾರದ ತಳಿ ಸುಧಾರಣೆ ಯೋಜನೆಯಲ್ಲಿ ನನ್ನ ಕೆಲಸ ಎಮ್ಮೆಗಳನ್ನು ಗಬ್ಬ ಮಾಡಿಸುವುದು. ಒಳ್ಳೇ ಜಾತಿಯ ಕೋಣದ ವೀರ್ಯ ತುಂಬಿದ ಸಣ್ಣ ಕಡ್ಡಿಗಳನ್ನು ಹೊಗೆಯಾಡುವ ತಣ್ಣನೆಯ ಕ್ಯಾನಿನಲ್ಲಿಟ್ಟುಕೊಂಡು ಮುಂಬಯಿಯ ಜೋಗೇಶ್ವರಿಯಲ್ಲಿ ಹಾಲಿನ ಎಮ್ಮೆ ಕಟ್ಟುವ ತಬೇಲಾಗಳಿಗೆ ಹೋಗಬೇಕು, ಭುಜದವರೆಗೆ ಗ್ಲೌಸ್ ಏರಿಸಿ ಎಮ್ಮೆಯೊಳಗೆ ಕೈ ಹಾಕಬೇಕು. ನನ್ನ ಮನೆಯವರ ಹೊಟ್ಟೆ ತುಂಬಿಸಿದ ಕೆಲಸ ಅದು. ಆದರೆ ಸಯನ್‌ನ ನಮ್ಮ ಬಿಲ್ಡಿಂಗ್‌ನಲ್ಲಿ ಯಾರಾದರೂ ಕೇಳಿದರೆ "ಕೋಲ್ಡ್ ಸ್ಟೋರೇಜ್ ಡಿಪಾರ್ಟ್‌ಮೆಂಟ್" ಅನ್ನುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಜೋಗೇಶ್ವರಿಯ ಒಂದು ತಬೇಲಾದ ಮೂಲೆಯಲ್ಲಿ ವಿಜಯಪುರ ಕಡೆಯ ಹೆಂಗಸೊಬ್ಬಳು ಎರಡು ಎಮ್ಮೆ ಕಟ್ಟಿದ್ದಳು. ಜಾಗ ತಬೇಲಾದ ಮಾಲೀಕ ಸೇಠನದು, ಎಮ್ಮೆ ಅವಳವು. ಅವಳ ದೊಡ್ಡೆಮ್ಮೆ ಮೊದಲ ಸಲ ನನ್ನ ಕೈಯಲ್ಲೇ ಗಬ್ಬ ನಿಂತು ಹೆಣ್ಣುಗರು ಹಾಕಿತ್ತು. "ನಿಮ್ಮ ಕೈಗುಣ ರೀ ಸಾಹೇಬ್ರ" ಅಂತ ಗಿಣ್ಣದ ಹಾಲು ಡಬ್ಬಿ ತುಂಬಾ ಕೊಟ್ಟಿದ್ದಳು. ಆ ಮಾತು ಕೇಳಿ ನಾನು ಲೋಕಲ್‌ನಲ್ಲಿ ಎದೆ ಉಬ್ಬಿಸಿಕೊಂಡು ಮನೆಗೆ ಬಂದಿದ್ದೆ.

ಎರಡನೇ ಸಲಕ್ಕೆ ಸೇಠ ಖಡಕ್ಕಾಗಿ ಹೇಳಿದ್ದ: ಹಾಲು ಇಳೀತಾ ಬಂದಿದೆ, ಈ ಸಲ ಗಬ್ಬ ನಿಲ್ಲದಿದ್ದರೆ ದೊಡ್ಡೆಮ್ಮೆ ಇಲ್ಲಿಂದ ಹೋಗಬೇಕು. ಎಮ್ಮೆಯ ಬೆದೆ ಒಂದೇ ದಿನದ್ದು. ಅಷ್ಟರಲ್ಲಿ ಕಡ್ಡಿ ಹಾಕಿದರೆ ಹಾಕಿದಂತೆ.

ಅವಳ ಫೋನು ಬಂದದ್ದು ಒಂದು ಭಾನುವಾರ. ನಾನು ಅದೇ ಸಯನ್‌ನಲ್ಲಿ ಅಣ್ಣನ ಮಗಳ ಕೂಸಿನ ನಾಮಕರಣದಲ್ಲಿದ್ದೆ. ಪಕ್ಕದಲ್ಲಿ ಬೆಂಗಳೂರಿನಿಂದ ಬಂದ ಬೀಗರು, ಇಂಜಿನಿಯರು. ಆ ಹೆಂಗಸಿನ ಗಂಟಲೋ, ಮೈಕು ಬೇಡ. "ಸಾಹೇಬ್ರ, ಎಮ್ಮಿ ಬೆದಿಗಿ ಬಂದೈತ್ರಿ! ಮುಂಜಾನಿಯಿಂದ ಒದರಾಕತ್ತೈತಿ, ಲಗೂ ಬರ್ರಿ!"

ಬೀಗರು ತಿರುಗಿ ನೋಡಿದರು. ನನ್ನ ಕಿವಿ ಬಿಸಿಯಾಯಿತು.

"ಆ ಫೈಲು ನಾಳೆ ನೋಡೋಣ" ಅಂದೆ.

"ಫೈಲ್ ಅಲ್ರೀ, ಎಮ್ಮಿ!"

ಕಟ್ ಮಾಡಿದೆ. ಆಮೇಲೆ ಕೂತು ಎರಡು ಹೋಳಿಗೆ ತಿಂದೆ, ತುಪ್ಪ ಹಾಕಿಸಿಕೊಂಡು.

ಮರುದಿನ ಸಂಜೆ ಹೋದೆ. ಎಮ್ಮೆ ಆರಾಮಾಗಿ ಮೆಲುಕು ಹಾಕುತ್ತಿತ್ತು. ಲೋಳೆ ಒಣಗಿತ್ತು. ಬೆದೆ ಮುಗಿದಿದೆ ಅಂತ ನೋಡಿದ ಕೂಡಲೇ ಗೊತ್ತಾಯಿತು. "ತಡಾ ಆಗಿಲ್ಲಲ್ರಿ?" ಅಂತ ಅವಳು ಕೇಳಿದಳು. ಆಗಿದೆ, ತಪ್ಪು ನನ್ನದು, ಮೂರು ವಾರ ಬಿಟ್ಟು ಮತ್ತೆ ಬೆದೆಗೆ ಬರುತ್ತದೆ, ಕಾಯ್ದು ನೋಡು ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? "ಏ, ಇಲ್ರಿ" ಅಂದೆ. ಗ್ಲೌಸ್ ಏರಿಸಿ ನಾಟಕಕ್ಕೆ ಕಡ್ಡಿ ಹಾಕಿದೆ. ಎಮ್ಮೆಯ ಕಿವಿಯ ಹಳದಿ ಬಿಲ್ಲೆ ನೋಡಿ ನಂಬರನ್ನು ಸರ್ಕಾರದ ಲೆಕ್ಕಕ್ಕೆ ಮೊಬೈಲಿನಲ್ಲಿ ಒತ್ತಿದೆ. ಅವಳು ನನ್ನ ಕೈಯನ್ನೇ ನೋಡುತ್ತಾ ನಮಸ್ಕಾರ ಮಾಡಿದಳು.

ನಂಬಿದಳು ನೋಡಿ, ಅಲ್ಲೇ ಕೆಟ್ಟಿತು. ಗಬ್ಬ ನಿಂತಿದೆ ಅಂದುಕೊಂಡು ಬೆದೆ ನೋಡುವುದನ್ನೇ ಬಿಟ್ಟಳು. ಮೇಲೆ ಬೇಸಿಗೆ ಬಂತು. ಬೇಸಿಗೆಯಲ್ಲಿ ಎಮ್ಮೆ ಬೆದೆಗೆ ಬಂದರೂ ಒದರುವುದಿಲ್ಲ, ಕಣ್ಣಿಟ್ಟು ಕಾಯಬೇಕು. ಮೂರು ತಿಂಗಳಿಗೆ ನಾನು ಕೈ ಹಾಕಿ ನೋಡಿದಾಗ ಗರ್ಭ ಖಾಲಿ. ಸೇಠ ಎದುರಿಗೇ ನಿಂತಿದ್ದ. ಆಗಲಾದರೂ ಬಾಯಿ ಬಿಡಬಹುದಿತ್ತು. "ಎಮ್ಮೆ ಗೊಡ್ಡಾಗಿದೆ" ಅಂದುಬಿಟ್ಟೆ.

ಮರುವಾರ ಟೆಂಪೋ ಬಂತು. ಹಾಲು ಬತ್ತಿದ ಎಮ್ಮೆ ಮುಂಬಯಿಯಿಂದ ಎಲ್ಲಿಗೆ ಹೋಗುತ್ತದೆ ಅಂತ ತಬೇಲಾದವರಿಗೆ ಯಾರೂ ಹೇಳಬೇಕಾಗಿಲ್ಲ. ಇನ್ನೊಂದು ಎಮ್ಮೆಗೆ ಕಡ್ಡಿ ಹಾಕಲು ಹೋದ ನಾನೂ ಅಲ್ಲೇ ಇದ್ದೆ. ದೊಡ್ಡೆಮ್ಮೆ ಹಲಗೆ ಹತ್ತಲೊಲ್ಲದು. ಕೊನೆಗೆ ಅವಳೇ ಹಣೆ ಸವರಿ, ಏನೋ ಹೇಳಿ ಹತ್ತಿಸಿದಳು. ಟೆಂಪೋ ಗಲ್ಲಿ ದಾಟುವವರೆಗೆ ನಿಂತಿದ್ದು, ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಹತ್ತಿರ ಬಂದಳು.

"ಸಾಹೇಬ್ರ, ನಿಮ್ಮ ಕೈಗುಣಕ್ಕ ನನ್ನ ಎಮ್ಮಿ ಕೆಟ್ಟ ಹೆಸರು ತಂತು. ಸಿಟ್ಟ ಮಾಡ್ಕೋಬ್ಯಾಡ್ರಿ."

"ಇರಲಿ ಬಿಡ್ರಿ" ಅಂದೆ. ನಾನು ಅವಳನ್ನು ಕ್ಷಮಿಸಿದೆ.