ಹದಿನೇಳು ಖಾಲಿ ಚೀಟಿ

ನನ್ನ ಅಕ್ಕನ ಗಂಡ ಇಪ್ಪತ್ತಾರು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಅದು ಮುಚ್ಚಿದ ಮೇಲೆ ನಿಘಂಟಿನ ಕಚೇರಿಯವರು ಕರೆದರು. ಇಂಗ್ಲಿಷ್ ಪದಗಳಿಗೆ ನಮ್ಮ ಭಾಷೆಯಲ್ಲಿ ಅರ್ಥ ಕೊಡುವ ನಿಘಂಟು. ಕಚೇರಿ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಭಾವ ಮೇಲೆ ಮುಟ್ಟುವಷ್ಟರಲ್ಲಿ ಮಂಡಿ ಎರಡು ಸಲ ಜಗಳ ತೆಗೆಯುತ್ತಿತ್ತು.

ಉದ್ದುದ್ದ ಪದಗಳನ್ನು ಉಳಿದವರು ಮೊದಲೇ ಹಂಚಿಕೊಂಡಿದ್ದರು. ಭಾವನ ಪಾಲಿಗೆ ಬಂದದ್ದು ‘ಸೆಟ್’. ಇಂಗ್ಲಿಷಿನಲ್ಲಿ ಮೂರೇ ಅಕ್ಷರ, ಒಂದು ವಾರದ ಕೆಲಸ ಎಂದು ಅಕ್ಕ ನಕ್ಕಿದ್ದಳು. ಹದಿನಾಲ್ಕು ತಿಂಗಳಾದರೂ ಮುಗಿಯಲಿಲ್ಲ. ಸೂರ್ಯ ಮುಳುಗುವುದಕ್ಕೂ ಅದೇ ಪದ, ಮುರಿದ ಮೂಳೆ ಕೂಡಿಸುವುದಕ್ಕೂ ಅದೇ. ಅಲಾರಂ ಇಡಲು, ಬೋನು ಹೂಡಲು, ಪ್ರಶ್ನೆಪತ್ರಿಕೆ ತಯಾರಿಸಲು, ಎಲ್ಲಕ್ಕೂ ಅದೇ. ಒಂದೇ ಬಗೆಯ ಬಟ್ಟಲುಗಳ ಗುಂಪಿಗೂ ಆ ಹೆಸರು, ನಾಟಕದಲ್ಲಿ ನಟರ ಹಿಂದೆ ನಿಲ್ಲಿಸುವ ಹಲಗೆಯ ಅರಮನೆಗೂ ಆ ಹೆಸರು. ಒಟ್ಟು ನೂರ ಮೂವತ್ತೊಂದು ಅರ್ಥ, ಅರ್ಥಕ್ಕೊಂದು ಚೀಟಿ.

ಕಚೇರಿಯದೊಂದು ಕಟ್ಟುನಿಟ್ಟಿತ್ತು. ಯಾವ ಪದವನ್ನೂ ಮೇಜಿನ ಮುಂದೆ ಕೂತು ಹೊಸೆಯುವಂತಿಲ್ಲ. ಆಯಾ ಕೆಲಸ ಮಾಡುವವರ ಬಾಯಿಂದಲೇ ಕೇಳಬೇಕು, ಚೀಟಿಯ ಕೆಳಗೆ ಅವರ ಕಸುಬನ್ನು ಬರೆಯಬೇಕು. ಭಾವ ಅಂಗಿಯ ಜೇಬಿನ ತುಂಬ ಚೀಟಿ ಇಟ್ಟುಕೊಂಡು ಅಂಗಡಿ ಅಂಗಡಿ ಅಲೆದರು.

“ಕೂದಲು ಸೆಟ್ ಮಾಡೋದು ಅಂತೀರಲ್ಲ, ಅದಕ್ಕೆ ನಮ್ಮ ಭಾಷೇಲಿ ಏನಂತೀರಿ?” ಎಂದು ಕ್ಷೌರದವನನ್ನು ಕೇಳಿದರು.

“ಸೆಟ್ ಮಾಡೋದು ಅಂತೀವಿ.”

“ಅದು ಇಂಗ್ಲಿಷು ಕಣಪ್ಪ.”

“ಹೌದಾ? ನಮ್ಮಪ್ಪನೂ ಹಂಗೇ ಅಂತಿದ್ರಲ್ಲ ಸ್ವಾಮಿ. ಅವರಿಗೆ ಎಲ್ಲಿತ್ತು ಇಂಗ್ಲಿಷು? ನೀವು ತಲೆ ಅಲ್ಲಾಡಿಸ್ಬೇಡಿ, ಕಿವಿ ಹೋಗುತ್ತೆ.”

ದರ್ಜಿಯೂ ಅದೇ ಹೇಳಿದ, ಹಲ್ಲು ಕಟ್ಟುವವನೂ ಅದೇ. ಕೊನೆಗೆ ನೂರ ಹದಿನಾಲ್ಕು ಚೀಟಿ ತುಂಬಿದವು. ಹದಿನೇಳು ಖಾಲಿ ಉಳಿದವು.

ಸಂಪಾದಕರು ಕೆಟ್ಟವರಲ್ಲ. ಅವರ ಮೇಲೂ ಒತ್ತಡವಿತ್ತು. “ರೀ, ಸೆಟ್ ಅಂದ್ರೆ ಸೆಟ್ ಅಂತ ಬರೆದ್ರೆ ಜನ ನಮಗೆ ಉಗೀತಾರೆ. ಸೋಮವಾರ ಪುಟ ಅಚ್ಚಿಗೆ ಹೋಗ್ಬೇಕು. ಆಗಲ್ಲ ಅಂದ್ರೆ ಹೇಳ್ಬಿಡಿ, ನಿಮ್ಮ ಜಾಗಕ್ಕೆ ಬೇರೆಯವರನ್ನ ನೋಡ್ತೀನಿ” ಎಂದರು.

ಭಾವನಿಗೆ ಅರವತ್ತೊಂದು. ಈ ಕೆಲಸ ತಪ್ಪಿದರೆ ಇನ್ನೊಂದು ಸಿಗುವುದಿಲ್ಲವೆಂಬುದು ಅವರಿಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಶನಿವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಅವರು ಹದಿನೇಳು ಚೀಟಿಯನ್ನೂ ಒಂದೇ ಉಸಿರಿಗೆ ತುಂಬಿಬಿಟ್ಟರು. ಕೂದಲಿಗೆ ‘ಕೇಶವಿನ್ಯಾಸಗೊಳಿಸು’, ಕೆಳಗೆ ‘ಕ್ಷೌರಿಕರು’. ಕಾಂಕ್ರೀಟಿಗೆ ‘ದೃಢಗೊಳ್ಳು’, ಕೆಳಗೆ ‘ಗಾರೆಯವರು’. ಸಂಪಾದಕರು ಓದಿ ಕೈ ಕುಲುಕಿದರಂತೆ. “ನೋಡಿದ್ರಾ, ಕೇಳಿದ್ರೆ ಜನ ಕೊಡ್ತಾರೆ!”

ಆ ಸಂಜೆ ನಾನು ಅಕ್ಕನ ಮನೆಗೆ ಹೋದಾಗ ಭಾವ ಚಪ್ಪಲಿ ಬಿಚ್ಚದೆ ಕುರ್ಚಿಯಲ್ಲಿ ಕೂತಿದ್ದರು. ಕೇಳದೆಯೇ ಎಲ್ಲ ಹೇಳಿದರು.

“ಹೋಗ್ಲಿ ಬಿಡಿ, ಯಾರಿಗೆ ಗೊತ್ತಾಗುತ್ತೆ?” ಎಂದಳು ಅಕ್ಕ. “ಗಾರೆಯವರು ನಿಘಂಟು ಬಿಚ್ಚಿ ನೋಡ್ತಾರಾ?”

“ನೋಡಲ್ಲ ಕಣೇ. ಅದಕ್ಕೇ ಸಂಕಟ.”

ಒಬ್ಬರು ಆಡದ ಮಾತನ್ನು ಅವರ ಬಾಯಿಗೆ ತುರುಕುವುದು ಸುಳ್ಳುಸಾಕ್ಷಿಯೇ, ದೇವರು ಮೆಚ್ಚದ ಕೆಲಸ ಎಂದು ನನ್ನ ನಂಬಿಕೆ. ಭಾವ ಎಂದೂ ದೇವರ ಮುಂದೆ ಕೂತವರಲ್ಲ. ಆದರೂ ಅವರಿಗೂ ಹಾಗೇ ಅನಿಸಿತ್ತೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಸೋಮವಾರ ಬೆಳಿಗ್ಗೆ ಅವರು ಕಚೇರಿಗೆ ಹೊರಟಾಗ, ಬೀದಿಯ ತಿರುವಿನಲ್ಲಿ ಹೊಸದಾಗಿ ಕಾಂಕ್ರೀಟು ಹಾಕಿದ ಕಾಲುದಾರಿಗೆ ಗಾರೆ ಕೆಲಸದ ಒಬ್ಬ ಹೆಂಗಸು ನೀರು ಹಾಯಿಸುತ್ತಿದ್ದಳು. ಭಾವ ಯೋಚನೆಯಲ್ಲಿ ನೇರ ಅದರ ಮೇಲೆ ಕಾಲೆತ್ತಿದರು.

“ಅಯ್ಯಯ್ಯೋ, ಇಡ್ಬೇಡಿ ಯಜಮಾನ್ರೇ!” ಎಂದು ಕೂಗಿದಳು ಅವಳು. “ಅದಿನ್ನೂ ಬಲಿತಿಲ್ಲ!”

ಭಾವನ ಕಾಲು ಗಾಳಿಯಲ್ಲೇ ನಿಂತಿತು. “ಏನಂದ್ಯಮ್ಮಾ?”

“ಬಲಿತಿಲ್ಲ ಅಂದೆ. ನಾಳೆಗೆ ಬಲಿಯುತ್ತೆ, ಆಗ ಕುಣಿದಾಡಿ ಬೇಕಾದ್ರೆ.”

ಅವರು ಪಕ್ಕದ ಇಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟರು. ಎಳೆಕಾಯಿಗೆ, ಮಗುವಿನ ಮೂಳೆಗೆ ನಾವು ಬಳಸುವ ಮಾತು ಅದು. ಎಂಟು ಕಡೆ ಗಾರೆಯವರನ್ನು ಕೇಳಿದಾಗ ಬಾರದಿದ್ದದ್ದು, ಕೇಳದೆ ಇದ್ದಾಗ ಬಂತು. ಅವರೇ ಬರೆದ ‘ದೃಢಗೊಳ್ಳು’ ಈ ಹೆಂಗಸಿನ ಕಸುಬಿನ ಹೆಸರಲ್ಲಿ ಅಚ್ಚಾಗಲು ಹೊರಟಿತ್ತು.

ಕಚೇರಿಯಲ್ಲಿ ಅವರು ಹದಿನೇಳು ಚೀಟಿಯನ್ನೂ ಹೊರತೆಗೆದು ಸಂಪಾದಕರ ಮುಂದಿಟ್ಟರು. “ಇವು ಯಾರೂ ಹೇಳಿದ್ದಲ್ಲ ಸರ್. ನಾನೇ ಹೊಸೆದದ್ದು.”

ಸಂಪಾದಕರು ಕನ್ನಡಕ ತೆಗೆದರು. “ಎಲ್ಲವೂನಾ?”

“ಎಲ್ಲವೂ. ಒಂದಕ್ಕೆ ಈಗ ಸಿಕ್ಕಿದೆ, ಕಾಂಕ್ರೀಟು ‘ಬಲಿಯೋದು’ ಅಂತ. ಉಳಿದ ಹದಿನಾರಕ್ಕೆ ‘ಸೆಟ್’ ಅಂತಲೇ ಹಾಕಿ. ಜನ ಅದನ್ನೇ ಆಡ್ತಾರೆ, ನಾನು ಕೇಳಿದೀನಿ. ಅಷ್ಟು ಮಾತ್ರ ನಿಜ.”

“ಉಳಿದ ನೂರ ಹದಿನಾಲ್ಕನ್ನ ನಾನು ಹೇಗೆ ನಂಬಲಿ?”

ಪುಟ ಅಚ್ಚಿಗೆ ಹೋಗಲಿಲ್ಲ. ಕಚೇರಿಯ ಇಬ್ಬರು ಹುಡುಗಿಯರು ಚೀಟಿ ಹಿಡಿದು ಅವರು ಅಲೆದ ಬೀದಿಗಳನ್ನೇ ಮತ್ತೆ ಅಲೆಯಬೇಕೆಂದು ತೀರ್ಮಾನವಾಯಿತು. ಭಾವ ಮರುದಿನದಿಂದ ಬರಬೇಕಾಗಿಲ್ಲ ಎಂದೂ.

ಹನ್ನೊಂದು ಗಂಟೆಗೆ ಮನೆಗೆ ಬಂದರು. ಅಕ್ಕ ಬಾಗಿಲಲ್ಲೇ ಮುಖ ನೋಡಿದಳು.

“ಹೇಳ್ಬಿಟ್ರಾ?”

“ಹೇಳ್ಬಿಟ್ಟೆ.”

“ಬಾಯಿ ಮುಚ್ಕೊಂಡಿರೋಕೆ ನಿಮಗೆ ಹುಟ್ಟಿದಾಗಿನಿಂದ ಬಂದಿಲ್ಲ,” ಎಂದಳು ಅಕ್ಕ. ಆಮೇಲೆ ಮಂಚದ ಮೇಲೆ ಮಡಚಿಟ್ಟಿದ್ದ ಬಟ್ಟೆಗಳನ್ನೆಲ್ಲ ಪಕ್ಕಕ್ಕೆ ಸರಿಸಿದಳು. “ಮಲ್ಕೊಳ್ಳಿ. ಶನಿವಾರದಿಂದ ಕಣ್ಣು ಮುಚ್ಚಿಲ್ಲ ನೀವು.”

ಭಾವ ಅಂಗಿಯನ್ನೂ ಕಳಚದೆ ಮಲಗಿದರು. ಮರುದಿನ ಬೆಳಿಗ್ಗೆಯವರೆಗೂ ಏಳಲಿಲ್ಲ.